ಹಾರ್ಟ್ ಫೇಲ್ಯೂರ್ ಆದವರನ್ನು ಮನೆಗೆ ಕಳಿಸುವ ಮುನ್ನ ಏನು ಕಲಿಸಬೇಕು, ಹೇಗೆ ಕಲಿಸಬೇಕು

ಡಿಸ್ಚಾರ್ಜ್ ಆಗಿ ಹನ್ನೊಂದನೇ ದಿನಕ್ಕೆ ಒಬ್ಬ ಅಜ್ಜ ಮತ್ತೆ ವಾರ್ಡಿಗೆ ಬಂದರು. ಸುಮ್ನೆ ಕೂತಿದ್ದರೂ ಏದುಸಿರು. ಆಕ್ಸಿಜನ್ ಹಾಕಿ, ಇಂಜೆಕ್ಷನ್ ಕೊಟ್ಟು, ಸ್ವಲ್ಪ ಸುಧಾರಿಸಿಕೊಂಡ ಮೇಲೆ ಜೇಬಿನಿಂದ ಮಡಚಿದ ಒಂದು ಹಾಳೆ ತೆಗೆದು ನನ್ನ ಕೈಗಿಟ್ಟರು. ದಿನಾ ಬೆಳಿಗ್ಗೆಯ ತೂಕ ಅದರಲ್ಲಿ ಅಂದವಾಗಿ ಬರೆದಿತ್ತು. ಮೊದಲ ವಾರ 61ರ ಆಸುಪಾಸು. ಆಮೇಲೆ 62. 62.6. 63.5. 64.3.

"ನೀವು ಬರೀರಿ ಅಂದಿದ್ರಲ್ಲ ಸಿಸ್ಟರ್, ಒಂದು ದಿನಾನೂ ತಪ್ಪಿಸಿಲ್ಲ" ಅಂದರು.

ಹೌದು, ಬರೆಯಲು ಹೇಳಿದ್ದು ನಾನೇ. ಏರಿದರೆ ಫೋನ್ ಮಾಡಿ ಅಂತಲೂ ಹೇಳಿದ್ದೆ. ಆದರೆ ಎಷ್ಟು ಏರಿದರೆ, ಯಾರಿಗೆ, ಯಾವ ನಂಬರಿಗೆ ಅನ್ನೋದನ್ನ ಅವರ ಬಾಯಿಂದ ಹೇಳಿಸಿರಲಿಲ್ಲ. ಅಜ್ಜ ನಾನು ಕಲಿಸಿದ್ದನ್ನು ಚಾಚೂ ತಪ್ಪದೆ ಮಾಡಿದ್ದರು. ನಾನು ಅರ್ಧ ಮಾತ್ರ ಕಲಿಸಿದ್ದೆ.

ಆ ಹಾಳೆ ನೋಡಿದ ಮೇಲೆ ನಾನು ಕಲಿಸುವ ರೀತಿ ಬದಲಾಯಿತು. ಅದನ್ನೇ ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ವಾರ್ಡಿನಲ್ಲಿ ಕೆಲಸ ಮಾಡುವ ನರ್ಸ್‌ಗಳಿಗೆ ಇದು ಉಪಯೋಗ. ಮನೆಯಲ್ಲಿ ಅಪ್ಪನನ್ನೋ ಅಮ್ಮನನ್ನೋ ನೋಡಿಕೊಳ್ಳುವವರಿಗೂ ಅಷ್ಟೇ ಉಪಯೋಗ.

ಹಂತ 1: ಡಿಸ್ಚಾರ್ಜ್ ದಿನಕ್ಕೆ ಕಾಯಬೇಡಿ

ಮನೆಗೆ ಹೊರಡುವ ದಿನ ಯಾರ ತಲೆಯಲ್ಲೂ ಜಾಗ ಇರುವುದಿಲ್ಲ. ಬಿಲ್ಲು, ಔಷಧಿ, ಗಾಡಿ, ಬ್ಯಾಗು. ಅಂಥ ಹೊತ್ತಲ್ಲಿ ನಾಲ್ಕು ಪುಟದ ಸಲಹೆಯನ್ನು ಒಂದೇ ಉಸಿರಿಗೆ ಓದಿ ಸಹಿ ಹಾಕಿಸಿಕೊಂಡರೆ, ಫೈಲಿನಲ್ಲಿ ಮಾತ್ರ 'ಕಲಿಸಲಾಗಿದೆ' ಅಂತ ಉಳಿಯುತ್ತದೆ.

ಉಸಿರಾಟ ಒಂದು ಹದಕ್ಕೆ ಬಂದ ದಿನವೇ ಶುರು ಮಾಡಿ. ಒಂದು ಸಲಕ್ಕೆ 10–15 ನಿಮಿಷ, ಒಂದೋ ಎರಡೋ ವಿಷಯ. ಮರುದಿನ ಹಿಂದಿನ ದಿನದ್ದನ್ನು ಕೇಳಿ, ಆಮೇಲೆ ಹೊಸದು. ಈ ಸಮಯ ದಂಡ ಆಗುವುದಿಲ್ಲ. 2005ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 223 ರೋಗಿಗಳಿದ್ದರು. ಒಂದು ಗುಂಪಿಗೆ ಮಾಮೂಲಿ ಡಿಸ್ಚಾರ್ಜ್ ಮಾಹಿತಿ. ಇನ್ನೊಂದು ಗುಂಪಿನಲ್ಲಿ ಒಬ್ಬೊಬ್ಬರ ಜೊತೆಗೂ ನರ್ಸ್ ಒಂದು ಗಂಟೆ ಕೂತು ಕಲಿಸಿದರು. ಮುಂದಿನ 6 ತಿಂಗಳಲ್ಲಿ ಮತ್ತೆ ಆಸ್ಪತ್ರೆ ಸೇರುವ ಅಥವಾ ಸಾಯುವ ಅಪಾಯ ಕಲಿತ ಗುಂಪಿನಲ್ಲಿ 35% ಕಡಿಮೆ ಇತ್ತು. ಒಂದು ಗಂಟೆಯ ಕೆಲಸಕ್ಕೆ ಇದು ಚಿಕ್ಕ ಫಲವಲ್ಲ.

ಕಲಿಸಲು ಕೂರುವ ಮುಂಚೆ ಮೂರು ವಿಷಯ ವಿಚಾರಿಸಿಕೊಳ್ಳಿ. ಮನೆಯಲ್ಲಿ ಅಡುಗೆ ಮಾಡುವವರು ಯಾರು? ಮಾತ್ರೆ ಎತ್ತಿ ಕೊಡುವವರು ಯಾರು? ಇವರಿಗೆ ಓದಲು, ಕೇಳಿಸಿಕೊಳ್ಳಲು ತೊಂದರೆ ಇದೆಯಾ? ಅಡುಗೆ ಮಾಡುವವರಿಲ್ಲದೆ ಉಪ್ಪಿನ ಪಾಠ ಮಾಡಿದರೆ ಗೋಡೆಗೆ ಹೇಳಿದಂತೆ. ಕನ್ನಡಕ ಮನೆಯಲ್ಲಿ ಬಿಟ್ಟು ಬಂದವರ ಕೈಗೆ ಚೀಟಿ ಕೊಟ್ಟರೆ ಅವರು ಮುಜುಗರಕ್ಕೆ ತಲೆ ಆಡಿಸುತ್ತಾರೆ ಅಷ್ಟೆ. ಇನ್ನೊಂದು ಮಾತು. ಹಾರ್ಟ್ ಫೇಲ್ಯೂರ್ ಇರುವ ಎಷ್ಟೋ ಜನರಿಗೆ ಮರೆವು ಕೂಡ ಇರುತ್ತದೆ. ನಿನ್ನೆ ಚೆನ್ನಾಗಿ ಹೇಳಿದ್ದನ್ನು ಇವತ್ತು ಪೂರ್ತಿ ಮರೆತಿದ್ದರೆ ಅದನ್ನು ಅಸಡ್ಡೆ ಅಂದುಕೊಳ್ಳಬೇಡಿ. ಡಾಕ್ಟರ ಗಮನಕ್ಕೆ ತನ್ನಿ, ಮನೆಯವರಲ್ಲಿ ಒಬ್ಬರನ್ನು ಮುಖ್ಯ ವಿದ್ಯಾರ್ಥಿ ಮಾಡಿಕೊಳ್ಳಿ.

ಹಂತ 2: ಕಾಯಿಲೆ ಏನು ಅಂತ ಅವರ ಮಾತಲ್ಲೇ ಹೇಳಿ

"ನಿಮಗೆ ಏನಾಗಿದೆ ಅಂತ ನಿಮಗೆ ಅನ್ಸುತ್ತೆ?" ಅಂತ ಮೊದಲು ಕೇಳಿ. ಉತ್ತರ ಕೇಳಿ ಬೆಚ್ಚಿ ಬೀಳುತ್ತೀರಿ. "ಹಾರ್ಟ್ ನಿಂತು ಹೋಗಿದೆ ಅಂದ್ರು" ಅಂತ ಒಬ್ಬರು. "ನೀರು ತೆಗೆದ್ರು, ಈಗ ವಾಸಿ ಆಯ್ತು" ಅಂತ ಇನ್ನೊಬ್ಬರು. ಮೊದಲನೆಯವರು ಭಯಕ್ಕೆ ಹಾಸಿಗೆ ಬಿಟ್ಟು ಏಳುವುದಿಲ್ಲ. ಎರಡನೆಯವರು ಮುಂದಿನ ತಿಂಗಳು ಮಾತ್ರೆ ಬಿಡುತ್ತಾರೆ.

ನಾನು ಹೇಳುವುದು ಇಷ್ಟು: ಹೃದಯ ನಿಂತಿಲ್ಲ. ಅದು ಪಂಪು, ಅದರ ಶಕ್ತಿ ಕುಗ್ಗಿದೆ. ಕೆಲವರಲ್ಲಿ ಪಂಪು ಬಿಗಿಯಾಗಿ ಗಟ್ಟಿಯಾಗಿರುತ್ತದೆ, ಸರಿಯಾಗಿ ತುಂಬಿಕೊಳ್ಳುವುದಿಲ್ಲ. ಎರಡರಲ್ಲೂ ರಕ್ತ ಮುಂದೆ ಸಾಗುವುದು ಕಷ್ಟವಾಗುತ್ತದೆ. ಕಿಡ್ನಿಗೆ 'ರಕ್ತ ಕಮ್ಮಿ ಬರ್ತಿದೆ' ಅನ್ನಿಸಿ ಉಪ್ಪು, ನೀರು ಎರಡನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಆ ನೀರು ಕಾಲಿಗೆ ಇಳಿದರೆ ಬಾವು, ಶ್ವಾಸಕೋಶಕ್ಕೆ ಸೇರಿದರೆ ದಮ್ಮು. ಕಾಯಿಲೆ ಬೇರು ಸಮೇತ ಹೋಗುವುದು ಅಪರೂಪ. ಆದರೆ ಸರಿಯಾಗಿ ನೋಡಿಕೊಂಡರೆ ಓಡಾಡಿಕೊಂಡು ಚೆನ್ನಾಗಿರಬಹುದು.

ಇಷ್ಟು ಅರ್ಥವಾದರೆ ಮುಂದಿನದೆಲ್ಲ ಸಲೀಸು. ತೂಕ ಯಾಕೆ, ಉಪ್ಪು ಯಾಕೆ, ಮಾತ್ರೆ ಯಾಕೆ ಅನ್ನುವುದು ಈ ನೀರಿನ ಕಥೆಯಿಂದಲೇ ಹೊರಡುತ್ತದೆ.

ಹಂತ 3: 'ಅರ್ಥ ಆಯ್ತಾ?' ಅಂತ ಕೇಳುವುದನ್ನು ಬಿಡಿ

ಆ ಪ್ರಶ್ನೆಗೆ ಎಲ್ಲರೂ ಹೂಂ ಅನ್ನುತ್ತಾರೆ. ನಾನೂ ಅನ್ನುತ್ತೇನೆ, ನೀವೂ ಅನ್ನುತ್ತೀರಿ. ಬದಲಿಗೆ ಅವರ ಬಾಯಿಂದ ವಾಪಸ್ ಹೇಳಿಸಿ. ಪರೀಕ್ಷೆ ಮಾಡುತ್ತಿದ್ದಾರೆ ಅಂತ ಅವರಿಗೆ ಅನ್ನಿಸಬಾರದು. ಭಾರವನ್ನು ನಮ್ಮ ಮೇಲೆ ಹಾಕಿಕೊಳ್ಳಬೇಕು.

"ನಾನು ಸರಿಯಾಗಿ ಹೇಳಿದ್ನಾ ಇಲ್ವಾ ಅಂತ ನೋಡ್ಕೋಬೇಕು. ಮನೆಗೆ ಹೋದ ಮೇಲೆ ಮಗಳು ಕೇಳಿದ್ರೆ ಈ ಮಾತ್ರೆ ಯಾಕೆ ಅಂತ ಹೇಗೆ ಹೇಳ್ತೀರಾ?"

ತಪ್ಪು ಹೇಳಿದರೆ, ಅದೇ ಮಾತನ್ನು ಗಟ್ಟಿಯಾಗಿ ಮತ್ತೆ ಹೇಳಬೇಡಿ. ಬೇರೆ ಮಾತಲ್ಲಿ ಹೇಳಿ, ಮತ್ತೆ ಕೇಳಿ. ಕೈಯಿಂದ ಮಾಡುವ ಕೆಲಸವಾದರೆ ಮಾಡಿಸಿಯೇ ನೋಡಿ. ಮುಂದಿನ ಪ್ರತಿ ಹಂತಕ್ಕೂ ಇದು ಬೇಕು.

ಹಂತ 4: ತೂಕ, ಮತ್ತು ತೂಕದಿಂದ ಹುಟ್ಟಬೇಕಾದ ಫೋನ್

ಇದರ ಮೇಲೆ ಜಾಸ್ತಿ ಹೊತ್ತು ಕಳೆಯಿರಿ. ಕಾಲು ಊದುವ ಮೊದಲೇ, ದಮ್ಮು ಬರುವ ಮೊದಲೇ ನೀರು ತೂಕದಲ್ಲಿ ಕಾಣಿಸಿಕೊಳ್ಳಬಹುದು. ಒಂದು ಲೀಟರ್ ನೀರು ಅಂದರೆ ಒಂದು ಕಿಲೋ. ಅಜ್ಜನ ಹಾಳೆಯಲ್ಲಿ 62 ಇದ್ದದ್ದು 3 ದಿನದಲ್ಲಿ 64.3 ಆಗಿತ್ತು. ಅಂದರೆ ಸುಮಾರು ಎರಡು ಲೀಟರಿಗೂ ಜಾಸ್ತಿ ನೀರು ಮೈಯಲ್ಲಿ ನಿಂತಿತ್ತು. ಊಟದಿಂದ ಅಷ್ಟು ಬೇಗ ಯಾರೂ ಅಷ್ಟು ದಪ್ಪ ಆಗುವುದಿಲ್ಲ.

ವಾರ್ಡಿನ ಯಂತ್ರದ ಮೇಲೆಯೇ ಅಭ್ಯಾಸ ಮಾಡಿಸಿ. ಬೆಳಿಗ್ಗೆ ಎದ್ದು, ಮೂತ್ರಕ್ಕೆ ಹೋಗಿ ಬಂದು, ತಿಂಡಿ ಕಾಫಿಗೆ ಮುಂಚೆ. ದಿನಾ ಹೆಚ್ಚು ಕಡಿಮೆ ಒಂದೇ ತರಹದ ಬಟ್ಟೆ. ಚಪ್ಪಲಿ ಇಲ್ಲದೆ. ಯಂತ್ರ ಗಟ್ಟಿ ನೆಲದ ಮೇಲಿರಬೇಕು, ಕಾರ್ಪೆಟ್ಟಿನ ಮೇಲಲ್ಲ. ಎರಡು ಕಾಲೂ ಇಟ್ಟು, ಗೋಡೆ ಹಿಡಿಯದೆ, ಅಂಕಿ ನಿಲ್ಲುವವರೆಗೂ ಅಲ್ಲಾಡದೆ ನಿಲ್ಲಬೇಕು. ಬಗ್ಗಿ ಅಂಕಿ ನೋಡಲು ಹೋಗಿ ತಲೆ ತಿರುಗುವವರಿದ್ದಾರೆ, ಅಂಥವರಿಗೆ ಇನ್ನೊಬ್ಬರು ನೋಡಿ ಹೇಳಲಿ. ನೋಡಿದ ಕೂಡಲೇ ಬರೆಯಬೇಕು. ಪೆನ್ನನ್ನು ಯಂತ್ರದ ಪಕ್ಕದಲ್ಲೇ ದಾರದಿಂದ ಕಟ್ಟಿ ತೂಗು ಹಾಕಿ ಅನ್ನುತ್ತೇನೆ. ಸಣ್ಣ ವಿಷಯ, ಆದರೆ ಪೆನ್ನು ಹುಡುಕುವಷ್ಟರಲ್ಲಿ ಅಂಕಿ ಮರೆತುಹೋಗುತ್ತದೆ.

ತುಂಬ ಜನ ಎಡವುವ ಜಾಗ ಒಂದಿದೆ. ಆಸ್ಪತ್ರೆಯ ಯಂತ್ರಕ್ಕೂ ಮನೆಯದಕ್ಕೂ ಒಂದೆರಡು ಕಿಲೋ ವ್ಯತ್ಯಾಸ ಬರಬಹುದು. ಡಿಸ್ಚಾರ್ಜ್ ಚೀಟಿಯಲ್ಲಿ 60 ಇದ್ದು, ಮನೆಯಲ್ಲಿ 61.5 ಬಂದರೆ ಸುಮ್ನೆ ಗಾಬರಿ. ಅದಕ್ಕೆ ಮನೆಗೆ ಹೋದ ಮರುದಿನ ಬೆಳಿಗ್ಗೆ ಮನೆಯ ಯಂತ್ರದಲ್ಲಿ ಬಂದ ತೂಕವನ್ನೇ ಬುಡ ಅಂತ ಇಟ್ಟುಕೊಳ್ಳಲು ಹೇಳಿ. ಹಾಳೆಯ ಮೇಲ್ಗಡೆ ಅದನ್ನು ದೊಡ್ಡದಾಗಿ ಬರೆದು ಸುತ್ತು ಹಾಕಲಿ.

ಈಗ ನಾನು ಬಿಟ್ಟುಬಿಟ್ಟಿದ್ದ ಅರ್ಧ. ಸಾಮಾನ್ಯವಾಗಿ ಹೇಳುವ ಲೆಕ್ಕ ಇದು: ಒಂದೇ ದಿನದಲ್ಲಿ 1 ಕಿಲೋಗಿಂತ ಜಾಸ್ತಿ, ಅಥವಾ 3 ದಿನದಲ್ಲಿ 2 ಕಿಲೋಗಿಂತ ಜಾಸ್ತಿ ಏರಿದರೆ ಅವತ್ತೇ ಫೋನ್ ಮಾಡಬೇಕು. ಡಾಕ್ಟರು ಕೆಲವರಿಗೆ ಬೇರೆ ಅಂಕಿ ಕೊಡಬಹುದು, ಹಾಗಾಗಿ ಕೇಳಿಕೊಂಡು ಆ ರೋಗಿಯ ಅಂಕಿಯನ್ನೇ ಬರೆದುಕೊಡಿ. '2 ಕಿಲೋ ಏರಿದರೆ' ಅಂತ ಬರೆದರೆ ಸಾಲದು. ಬುಡದ ತೂಕ ಸಿಕ್ಕ ಮೇಲೆ, ಅದು 61 ಇದ್ದರೆ, 'ಯಂತ್ರದಲ್ಲಿ 63 ಕಂಡರೆ ಫೋನ್' ಅಂತ ಬರೆಯಿಸಿ. ಕಳೆಯುವ ಕೂಡುವ ಲೆಕ್ಕ ಅವರ ಪಾಲಿಗೆ ಬೇಡ. ಪಕ್ಕದಲ್ಲೇ ನಂಬರು. ರಾತ್ರಿಯಾದರೆ, ರಜಾ ದಿನವಾದರೆ ಯಾರಿಗೆ ಅಂತಲೂ ಬರೆದಿರಲಿ. ಆ ನಂಬರಿಗೆ ಅವರ ಫೋನಿಂದಲೇ ಒಂದು ಸಲ ಡಯಲ್ ಮಾಡಿಸಿ, ಸೇವ್ ಮಾಡಿಸಿ.

ಆಮೇಲೆ ಒಂದು ಸುಳ್ಳು ಹಾಳೆ ಬರೆದು ತೋರಿಸಿ: 61, 61.3, 62.1, 63.4. "ಈಗ ಏನು ಮಾಡ್ತೀರಾ?" ಅಂತ ಕೇಳಿ. "ಇನ್ನೊಂದು ದಿನ ನೋಡ್ತೀನಿ" ಅಂದರೆ ಪಾಠ ಮುಗಿದಿಲ್ಲ. "ಉಪ್ಪು ಬಿಡ್ತೀನಿ" ಅಂದರೂ ಮುಗಿದಿಲ್ಲ. "ಫೋನ್ ಮಾಡ್ತೀನಿ" ಅಂದಾಗ ಮುಂದಕ್ಕೆ ಹೋಗಿ.

ತೂಕ ಇಳಿಯುವುದನ್ನೂ ಹೇಳಿ. ದಿಢೀರ್ ಇಳಿದು ಎದ್ದಾಗ ತಲೆಸುತ್ತು ಬಂದರೆ ನೀರು ಅತಿಯಾಗಿ ಹೋಗಿರಬಹುದು. ತಿಂಗಳುಗಟ್ಟಲೆ ನಿಧಾನಕ್ಕೆ ಸೊರಗುತ್ತಿದ್ದರೆ ಮಾಂಸಖಂಡ ಕರಗುತ್ತಿರಬಹುದು. ಎರಡೂ ಡಾಕ್ಟರಿಗೆ ಗೊತ್ತಾಗಬೇಕು.

ಹಂತ 5: ಮೈ ಕೊಡುವ ಸೂಚನೆ

ಕೆಲವರಿಗೆ ತೂಕ ಏರದೆಯೂ ಕಾಯಿಲೆ ಹೆಚ್ಚಾಗುತ್ತದೆ. ಹಾಗಾಗಿ ದಿನಾ ಬೆಳಿಗ್ಗೆ ತೂಕದ ಜೊತೆ ಮೈಯನ್ನೂ ಗಮನಿಸಬೇಕು. 'ಉಸಿರಾಟದ ತೊಂದರೆ' ಅಂತ ಬರೆದರೆ ಹೆಚ್ಚಿನವರಿಗೆ ತಟ್ಟುವುದಿಲ್ಲ. ಅವರ ದಿನಚರಿಯಿಂದಲೇ ಕೇಳಿ. ರಾತ್ರಿ ಎಷ್ಟು ದಿಂಬು? ಒಂದು ಇದ್ದದ್ದು ಮೂರಾಯ್ತಾ? ನಡುರಾತ್ರಿ ಉಸಿರು ಕಟ್ಟಿ ಎದ್ದು ಕೂತ್ರಾ? ಬಗ್ಗಿ ಚಪ್ಪಲಿ ಹಾಕುವಾಗ ದಮ್ಮು ಬರುತ್ತಾ? ನಿನ್ನೆ ನಿಲ್ಲದೆ ಹತ್ತಿದ ಮೆಟ್ಟಿಲಿಗೆ ಇವತ್ತು ನಡುವೆ ನಿಲ್ಲಬೇಕಾಯ್ತಾ? ಹೊಟ್ಟೆ ಉಬ್ಬರ, ಎರಡು ತುತ್ತಿಗೆ ಊಟ ಸಾಕಾಗುವುದು, ಮಲಗಿದಾಗ ಕೆಮ್ಮು, ಇವೂ ನೀರು ಸೇರಿದ ಲಕ್ಷಣ ಆಗಬಹುದು.

ಬಾವು ನೋಡುವುದನ್ನು ಅವರ ಬೆರಳಿಂದಲೇ ಮಾಡಿಸಿ. ಪಾದದ ಗಂಟಿನ ಸ್ವಲ್ಪ ಮೇಲೆ, ಮುಂಗಾಲಿನ ಮೂಳೆಯ ಮೇಲೆ ಹೆಬ್ಬೆರಳಿಟ್ಟು ಐದು ಎಣಿಸುವವರೆಗೆ ಒತ್ತಿ ತೆಗೆಯಬೇಕು. ಗುಳಿ ಬಿದ್ದು ಹಾಗೇ ಉಳಿದರೆ ಅದು ನೀರಿನ ಬಾವು. ಒಬ್ಬ ಅಮ್ಮ ತಮ್ಮ ಕಾಲನ್ನು ಒತ್ತಿ, ಗುಳಿ ಮೆಲ್ಲಗೆ ತುಂಬಿಕೊಳ್ಳುವುದನ್ನು ನೋಡುತ್ತಾ ಕೂತಿದ್ದರು. "ಇಷ್ಟು ದಿನ ದಪ್ಪ ಆಗಿದೀನಿ ಅಂದ್ಕೊಂಡಿದ್ದೆ" ಅಂದರು. ಆಮೇಲೆ ಅವರಿಗೆ ನೆನಪಿಸುವ ಅಗತ್ಯವೇ ಬರಲಿಲ್ಲ.

ಇದನ್ನೆಲ್ಲ ಮೂರು ಬಣ್ಣದಲ್ಲಿ ಒಂದೇ ಹಾಳೆಗೆ ಇಳಿಸಿ, ಫ್ರಿಜ್ಜಿನ ಬಾಗಿಲಿಗೋ ಕನ್ನಡಿ ಪಕ್ಕಕ್ಕೋ ಅಂಟಿಸಲು ಹೇಳಿ.

ಹಸಿರು: ತೂಕ ಬುಡದ ಹತ್ತಿರವೇ ಇದೆ, ಹೊಸ ಬಾವು, ದಮ್ಮು ಇಲ್ಲ. ಮಾಮೂಲಿನಂತೆ ಮಾತ್ರೆ, ಓಡಾಟ.

ಹಳದಿ: ತೂಕ ಗೆರೆ ದಾಟಿದೆ, ಬಾವು ಹೆಚ್ಚಿದೆ, ದಿಂಬು ಹೆಚ್ಚಾಗಿದೆ, ತಲೆಸುತ್ತು, ಹಿಂದೆಂದೂ ಇಲ್ಲದ ಸುಸ್ತು. ಅವತ್ತೇ ಫೋನ್. ನಾಳೆ ಅಲ್ಲ.

ಕೆಂಪು: ಸುಮ್ಮನೆ ಕೂತಾಗಲೂ ಉಸಿರು ಸಾಲದು, ಎದೆ ನೋವು, ಪ್ರಜ್ಞೆ ತಪ್ಪುವುದು, ನೊರೆ ನೊರೆ ಗುಲಾಬಿ ಬಣ್ಣದ ಕಫ, ಹೊಸದಾಗಿ ಗೊಂದಲದ ಮಾತು. ತಕ್ಷಣ ಆಂಬುಲೆನ್ಸ್. ತಾವೇ ಗಾಡಿ ಓಡಿಸಿಕೊಂಡು ಹೋಗಬಾರದು.

ಹಳದಿಯನ್ನು ಜಾಸ್ತಿ ಒತ್ತಿ ಹೇಳಿ. ಕೆಂಪು ಬಂದಾಗ ಯಾರಾದರೂ ಓಡುತ್ತಾರೆ. 'ಡಾಕ್ಟರಿಗೆ ಯಾಕೆ ತೊಂದರೆ' ಅಂತ ಜನ ಸುಮ್ಮನಿರುವುದು ಹಳದಿಯಲ್ಲೇ. ಫೋನ್ ಮಾಡಿದ್ದು ಸುಳ್ಳು ಗಾಬರಿ ಆದರೂ ಯಾರೂ ಬೈಯುವುದಿಲ್ಲ ಅಂತ ನಿಮ್ಮ ಬಾಯಿಂದಲೇ ಹೇಳಿ.

ಹಂತ 6: ಮಾತ್ರೆಗಳು

ಚೀಟಿ ಓದಿ ಹೇಳಬೇಡಿ. ಎಲ್ಲ ಸ್ಟ್ರಿಪ್‌ಗಳನ್ನೂ ಮಂಚದ ಮೇಲೆ ಹರಡಿ, ಒಂದೊಂದನ್ನೂ ಅವರ ಕೈಗೆ ಕೊಟ್ಟು ಮಾತಾಡಿ. ಜೊತೆಗೆ ಮನೆಯಲ್ಲಿರುವ ಹಳೇ ಮಾತ್ರೆಗಳನ್ನೂ ತರಿಸಿ. ಇದನ್ನು ಯಾವತ್ತೂ ಬಿಡಬೇಡಿ. ಹಳೇ ಎನಲಾಪ್ರಿಲ್ ಅಥವಾ ರಾಮಿಪ್ರಿಲ್ ಮನೆಯಲ್ಲಿ ಉಳಿದಿರುತ್ತದೆ, ಈಗ ಸ್ಯಾಕ್ಯುಬಿಟ್ರಿಲ್-ವಲ್ಸಾರ್ಟಾನ್ ಶುರುವಾಗಿರುತ್ತದೆ. ಇವೆರಡನ್ನೂ ಒಟ್ಟಿಗೆ ತಗೊಂಡರೆ ಮುಖ, ಗಂಟಲು ಊದಿ ಪ್ರಾಣಕ್ಕೆ ಅಪಾಯ. ಒಂದು ನಿಲ್ಲಿಸಿ ಇನ್ನೊಂದು ಶುರು ಮಾಡಲು 36 ಗಂಟೆ ಅಂತರ ಬೇಕು.

ಪಂಪು ಕುಗ್ಗಿದ ಹಾರ್ಟ್ ಫೇಲ್ಯೂರಿಗೆ ಈಗ ನಾಲ್ಕು ಬಗೆಯ ಮಾತ್ರೆ ಮುಖ್ಯ: ಮೇಲೆ ಹೇಳಿದ ಸ್ಯಾಕ್ಯುಬಿಟ್ರಿಲ್-ವಲ್ಸಾರ್ಟಾನ್ ಅಥವಾ ಅದರ ಜಾಗದಲ್ಲಿ ಎನಲಾಪ್ರಿಲ್‌ನಂಥದು, ಬೈಸೋಪ್ರೊಲಾಲ್, ಕಾರ್ವೆಡಿಲಾಲ್‌ನಂಥ ಬೀಟಾ ಬ್ಲಾಕರ್ (ಹೃದಯ ಬಡಿತ ನಿಧಾನ ಮಾಡುವ ಮಾತ್ರೆ), ಸ್ಪೈರೋನೋಲ್ಯಾಕ್ಟೋನ್‌ನಂಥದು, ಮತ್ತು ಡಾಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್. ಇವು ಹೃದಯವನ್ನು ಕಾಪಾಡುತ್ತವೆ, ಆಯಸ್ಸು ಹೆಚ್ಚಿಸುತ್ತವೆ. ಆದರೆ ತಗೊಂಡ ಕೂಡಲೇ ಹಾಯ್ ಅನ್ನಿಸುವುದಿಲ್ಲ. ಮೂತ್ರ ಹೋಗಿಸುವ ಫ್ಯುರೊಸೆಮೈಡ್ ಮಾತ್ರೆ ಹಾಗಲ್ಲ, ಗಂಟೆಯೊಳಗೆ ಕೆಲಸ ಕಾಣುತ್ತದೆ. ಹಾಗಾಗಿ 'ಇದೊಂದೇ ಕೆಲಸ ಮಾಡೋದು' ಅಂತ ಅದನ್ನು ಉಳಿಸಿಕೊಂಡು ಮಿಕ್ಕದ್ದನ್ನು ಬಿಡುವವರಿದ್ದಾರೆ. ಇದನ್ನು ಮೊದಲೇ ಬಿಡಿಸಿ ಹೇಳಿ.

ಇನ್ನೂ ಎರಡು ಪ್ರಶ್ನೆ ಖಂಡಿತ ಬರುತ್ತವೆ. "ನನಗೆ ಶುಗರ್ ಇಲ್ಲ, ಅಂಗಡಿಯವರು ಇದು ಶುಗರ್ ಮಾತ್ರೆ ಅಂದ್ರು." ಡಾಪಾಗ್ಲಿಫ್ಲೋಜಿನ್ ಶುಗರಿಗೆ ಬಂದ ಮಾತ್ರೆಯೇ, ಆದರೆ ಶುಗರ್ ಇಲ್ಲದವರ ಹೃದಯಕ್ಕೂ ಒಳ್ಳೆಯದು ಅಂತ ಸಾಬೀತಾಗಿದೆ. "ಬಿಪಿ ನಾರ್ಮಲ್ ಇದೆ, ಬಿಪಿ ಮಾತ್ರೆ ಯಾಕೆ?" ಇಲ್ಲಿ ಅದು ಹೃದಯದ ಹೊರೆ ಇಳಿಸಲು. ಉತ್ತರ ಮೊದಲೇ ಗೊತ್ತಿದ್ದರೆ ಬೇರೆಯವರ ಮಾತಿಗೆ ಮಾತ್ರೆ ನಿಲ್ಲುವುದಿಲ್ಲ.

ಮೂತ್ರದ ಮಾತ್ರೆ ಬೆಳಿಗ್ಗೆ. ಎರಡು ಹೊತ್ತು ಇದ್ದರೆ ಎರಡನೆಯದು ಮಧ್ಯಾಹ್ನ. ರಾತ್ರಿ ತಗೊಂಡರೆ ನಿದ್ದೆಗೆಟ್ಟು, ಕತ್ತಲಲ್ಲಿ ಎದ್ದು ಬೀಳುತ್ತಾರೆ. ಬೀಟಾ ಬ್ಲಾಕರನ್ನು ದಿಢೀರನೆ ನಿಲ್ಲಿಸಬಾರದು. ಸ್ಪೈರೋನೋಲ್ಯಾಕ್ಟೋನ್ ಇರುವವರಿಗೆ ಪೊಟ್ಯಾಶಿಯಂ, ಕಿಡ್ನಿ ರಕ್ತ ಪರೀಕ್ಷೆಯ ತಾರೀಖು ಬರೆದುಕೊಡಿ. ವಾಂತಿ ಭೇದಿ ಶುರುವಾಗಿ ಊಟ ನೀರು ನಿಲ್ಲದಿದ್ದರೆ ಅವತ್ತೇ ಫೋನ್ ಮಾಡಿ ಕೇಳಬೇಕು. ಕೆಲವು ಮಾತ್ರೆಗಳನ್ನು ಒಂದೆರಡು ದಿನ ನಿಲ್ಲಿಸಬೇಕಾಗಬಹುದು.

ಮಂಡಿ ನೋವು, ಬೆನ್ನು ನೋವಿಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್, ನ್ಯಾಪ್ರೋಕ್ಸೆನ್ ಬೇಡವೇ ಬೇಡ. ಇವು ಉಪ್ಪು ನೀರನ್ನು ಮೈಯಲ್ಲೇ ಹಿಡಿದಿಡುತ್ತವೆ, ಕಿಡ್ನಿಗೂ ಪೆಟ್ಟು. ನೀರಲ್ಲಿ ಹಾಕಿದರೆ ಬುರುಗು ಬರುವ ಮಾತ್ರೆಗಳಲ್ಲಿ ಸೋಡಿಯಂ ಜಾಸ್ತಿ ಇರುತ್ತದೆ. ನೋವಿಗೆ ಏನು ತಗೋಬಹುದು ಅಂತ ಡಾಕ್ಟರನ್ನು ಕೇಳಿ ಅದನ್ನೂ ಹಾಳೆಯಲ್ಲೇ ಬರೆಯಿರಿ. 'ಬೇಡ' ಅಂತ ಮಾತ್ರ ಬರೆದರೆ ನೋವು ಬಂದ ರಾತ್ರಿ ಮನೆಯಲ್ಲಿ ಕೈಗೆ ಸಿಕ್ಕಿದ್ದನ್ನು ನುಂಗುತ್ತಾರೆ.

ಹಂತ 7: ಉಪ್ಪು, ನೀರು

ಉಪ್ಪು ದಿನಕ್ಕೆ ಒಟ್ಟು 5 ಗ್ರಾಂ ದಾಟದಿರಲಿ, ಅಂದರೆ ಮಟ್ಟಸವಾದ ಒಂದು ಟೀ ಚಮಚದಷ್ಟು. ಅಡುಗೆಯದು, ಮೇಲಿಂದ ಹಾಕಿಕೊಳ್ಳುವುದು, ಪ್ಯಾಕೆಟ್ ತಿಂಡಿಯದು, ಎಲ್ಲ ಸೇರಿ. ಕಣ್ಣಿಗೆ ಕಾಣದ ಉಪ್ಪೇ ಜಾಸ್ತಿ ಮೋಸ ಮಾಡುವುದು. ಒಂದು ಪ್ಯಾಕೆಟ್ ಅವರ ಕೈಗೆ ಕೊಟ್ಟು ಸೋಡಿಯಂ ಅಂತ ಬರೆದಿರುವ ಸಾಲು ಹುಡುಕಿಸಿ. ಸೋಡಿಯಂ ಅನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು. 800 ಮಿಲಿಗ್ರಾಂ ಸೋಡಿಯಂ ಅಂದರೆ 2 ಗ್ರಾಂ ಉಪ್ಪು, ದಿನದ ಲೆಕ್ಕದ ಅರ್ಧದ ಹತ್ತಿರ. ಆ ಅಂಕಿ ನೂರು ಗ್ರಾಮಿಗೋ, ಒಂದು ಸಲ ತಿನ್ನುವಷ್ಟಕ್ಕೋ ಅಂತಲೂ ನೋಡಬೇಕು.

ಹಾಗಂತ ಪೂರ್ತಿ ಸಪ್ಪೆ ಊಟ ಕೊಟ್ಟು ಹಿಂಸೆ ಮಾಡಬೇಡಿ. ಸೋಡಿಯಂ ಅನ್ನು ದಿನಕ್ಕೆ 1500 ಮಿಲಿಗ್ರಾಮಿಗಿಂತ ಕೆಳಗೆ ಇಳಿಸಲು ಹೇಳಿ ನೋಡಿದ ಸೋಡಿಯಂ-ಎಚ್‌ಎಫ್ ಅಧ್ಯಯನ 2022ರಲ್ಲಿ ಬಂತು. ಅಷ್ಟು ಕಟ್ಟುನಿಟ್ಟಿನಿಂದ ಸಾವಾಗಲಿ ಆಸ್ಪತ್ರೆ ಸೇರುವುದಾಗಲಿ ಕಡಿಮೆ ಆಗಲಿಲ್ಲ. ವಯಸ್ಸಾದವರು ಸಪ್ಪೆ ಊಟಕ್ಕೆ ಬೇಸತ್ತು ತಿನ್ನುವುದನ್ನೇ ಬಿಟ್ಟರೆ ಅದು ದೊಡ್ಡ ನಷ್ಟ. ಅತಿಯಾದದ್ದನ್ನು ಬಿಡಿಸುವುದು ನಮ್ಮ ಗುರಿ. ಹುಳಿ, ಖಾರ, ಬೆಳ್ಳುಳ್ಳಿ, ಸೊಪ್ಪಿನ ಘಮದಿಂದ ರುಚಿ ತರಬಹುದು. ನಾಲಿಗೆ ಕೆಲವು ವಾರದಲ್ಲಿ ಒಗ್ಗಿಕೊಳ್ಳುತ್ತದೆ.

'ಕಡಿಮೆ ಸೋಡಿಯಂ ಉಪ್ಪು' ಅಂತ ಮಾರುವ ಪುಡಿಯಲ್ಲಿ ಹೆಚ್ಚಾಗಿ ಪೊಟ್ಯಾಶಿಯಂ ಇರುತ್ತದೆ. ಮೇಲೆ ಹೇಳಿದ ಮಾತ್ರೆಗಳಲ್ಲಿ ಕೆಲವು ಪೊಟ್ಯಾಶಿಯಂ ಏರಿಸುತ್ತವೆ. ಎರಡೂ ಸೇರಿದರೆ ಹೃದಯದ ಬಡಿತವೇ ಏರುಪೇರಾಗಬಹುದು. ಡಾಕ್ಟರನ್ನು ಕೇಳದೆ ಮುಟ್ಟಬಾರದು.

ನೀರು ಎಲ್ಲರಿಗೂ ಅಳತೆ ಮಾಡಿ ಕೊಡಬೇಕಿಲ್ಲ. ಡಾಕ್ಟರು ಹೇಳಿದವರಿಗೆ ಮಾತ್ರ, ಸಾಮಾನ್ಯವಾಗಿ ದಿನಕ್ಕೆ 1.5ರಿಂದ 2 ಲೀಟರ್. ಬೆಳಿಗ್ಗೆ ಒಂದು ಬಾಟಲಿಯಲ್ಲಿ ಅಷ್ಟನ್ನು ತುಂಬಿಟ್ಟು, ಕಾಫಿಯೋ ಮಜ್ಜಿಗೆಯೋ ಕುಡಿದಾಗ ಅಷ್ಟೇ ನೀರನ್ನು ಬಾಟಲಿಯಿಂದ ಚೆಲ್ಲಿದರೆ ಲೆಕ್ಕ ತಾನಾಗೇ ಸಿಗುತ್ತದೆ.

ಹಂತ 8: ಓಡಾಟ, ಮನಸ್ಸು

ಮಲಗಿಯೇ ಇರುವುದು ಒಳ್ಳೆಯದಲ್ಲ. ಸ್ಥಿರವಾಗಿರುವವರಿಗೆ ವ್ಯಾಯಾಮ ಸುರಕ್ಷಿತ ಅಂತ 2009ರಲ್ಲಿ ಬಂದ, 2331 ಜನರಿದ್ದ ಎಚ್‌ಎಫ್-ಆಕ್ಷನ್ ಅಧ್ಯಯನ ತೋರಿಸಿದೆ. ಡಾಕ್ಟರ್ ಒಪ್ಪಿದ ಮೇಲೆ 5 ನಿಮಿಷದ ನಡಿಗೆಯಿಂದ ಶುರು ಮಾಡಿ ನಿಧಾನಕ್ಕೆ ಹೆಚ್ಚಿಸಲಿ. ನಡೆಯುತ್ತಾ ಮಾತಾಡಲು ಆಗಬೇಕು. ಮಾತು ತುಂಡಾಗುತ್ತಿದ್ದರೆ ವೇಗ ಜಾಸ್ತಿ ಆಯ್ತು ಅಂತ. ಬೀಡಿ ಸಿಗರೇಟು ಪೂರ್ತಿ ಬಿಡಬೇಕು. ಕುಡಿತದ ಬಗ್ಗೆ ಮುಚ್ಚುಮರೆ ಇಲ್ಲದೆ ಕೇಳಿ. ಫ್ಲೂ ಲಸಿಕೆ ಪ್ರತಿ ವರ್ಷ, ನ್ಯೂಮೋನಿಯಾ ಲಸಿಕೆ ಡಾಕ್ಟರ್ ಹೇಳಿದಂತೆ.

ಮನಸ್ಸು ಕುಗ್ಗಿದವರು ತೂಕವನ್ನೂ ನೋಡುವುದಿಲ್ಲ, ಮಾತ್ರೆಯನ್ನೂ ನುಂಗುವುದಿಲ್ಲ. "ಎರಡು ವಾರದಿಂದ ಯಾವುದರಲ್ಲೂ ಆಸಕ್ತಿ ಇಲ್ವಾ?" ಅಂತ ಕೇಳಿ. ಹೌದು ಅಂದರೆ ಅದಕ್ಕೂ ಚಿಕಿತ್ಸೆ ಇದೆ. ನೋಡಿಕೊಳ್ಳುವವರನ್ನೂ ಒಂದು ಮಾತು ಕೇಳಿ, ಅವರನ್ನು ಯಾರೂ ಕೇಳಿರುವುದಿಲ್ಲ.

ಹಂತ 9: ಮನೆಗೆ ಹೋದ ಮೇಲೆ

ಹೊರಡುವ ಮುಂಚೆಯೇ ಮುಂದಿನ ಭೇಟಿಯ ತಾರೀಖು, ಸಮಯ ಕೈಗೆ ಸಿಗಬೇಕು. 7ರಿಂದ 14 ದಿನದೊಳಗೆ ಡಾಕ್ಟರ ಭೇಟಿ, 3 ದಿನದೊಳಗೆ ಒಂದು ಫೋನ್. "ಚೆನ್ನಾಗೇ ಇದೀನಿ, ಯಾಕೆ ಬರ್ಬೇಕು?" ಅನ್ನುವವರಿಗೆ ಕಾರಣ ಹೇಳಿ: ಮಾತ್ರೆಗಳನ್ನು ಸಣ್ಣ ಪ್ರಮಾಣದಲ್ಲಿ ಶುರು ಮಾಡಿರುತ್ತಾರೆ, ಬಿಪಿ, ರಕ್ತ ಪರೀಕ್ಷೆ ನೋಡಿ ಏರಿಸಬೇಕು. 2022ರ ಸ್ಟ್ರಾಂಗ್-ಎಚ್‌ಎಫ್ ಅಧ್ಯಯನದಲ್ಲಿ ಹಾಗೆ ಪದೇ ಪದೇ ಕರೆಸಿ, ಎರಡು ವಾರದೊಳಗೆ ಪೂರ್ತಿ ಪ್ರಮಾಣದ ಕಡೆ ಒಯ್ದರು. 180 ದಿನದಲ್ಲಿ ಸಾವು ಅಥವಾ ಹಾರ್ಟ್ ಫೇಲ್ಯೂರಿಗೆ ಮತ್ತೆ ದಾಖಲಾಗುವುದು ಅವರಲ್ಲಿ 15.2%, ಮಾಮೂಲಿ ಚಿಕಿತ್ಸೆಯಲ್ಲಿ 23.3%.

ಮೂರನೇ ದಿನದ ಫೋನಿನಲ್ಲಿ "ಹೇಗಿದೀರಾ?" ಅಂತ ಶುರು ಮಾಡಬೇಡಿ, "ಚೆನ್ನಾಗಿದೀನಿ" ಅಂತ ಮುಗಿದು ಹೋಗುತ್ತದೆ. "ಇವತ್ತು ಬೆಳಿಗ್ಗೆ ಎಷ್ಟು ಬಂತು?" ಅಂತ ಕೇಳಿ. ತಟ್ಟನೆ ಅಂಕಿ ಬಂದರೆ, "ಎಷ್ಟು ಕಂಡ್ರೆ ಫೋನ್ ಮಾಡ್ತೀರಾ?" ಅನ್ನುವುದು ಮುಂದಿನ ಪ್ರಶ್ನೆ. ಆ ಕಡೆ ಸದ್ದಿಲ್ಲ ಅಂದರೆ ಯಂತ್ರ ಎಲ್ಲಿದೆ ಅಂತ ಕೇಳಿ. ಎಷ್ಟೋ ಸಲ ಅದಿನ್ನೂ ಡಬ್ಬಿಯಲ್ಲೇ ಇರುತ್ತದೆ. ಫೋನ್ ಇಡಬೇಡಿ. ಡಬ್ಬಿ ಬಿಚ್ಚಿಸಿ, ನೆಲದ ಮೇಲೆ ಇಡಿಸಿ, ನಾಳೆ ಬೆಳಿಗ್ಗೆ ಮತ್ತೆ ಫೋನ್ ಮಾಡ್ತೀನಿ ಅಂತ ಹೇಳಿ.